ಅಂಚಿನ ಮೇಲಿನ ಸಗಣಿ ಪಟ್ಟಿ

ದಿಬ್ಬ ನಿಲ್ಲುತ್ತದೋ ಕುಸಿಯುತ್ತದೋ ಎಂದು ಹೇಳುವುದರಲ್ಲಿ ನನ್ನನ್ನು ಮೀರಿಸುವವನು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಹುಟ್ಟಿಲ್ಲ. ಕಬ್ಬಿಣದ ಹಾರಿಯಿಂದ ಒಂದು ಪೆಟ್ಟು ಹಾಕಿ ಕಿವಿಗೊಟ್ಟರೆ ಮುಗಿಯಿತು. ಇಂಜಿನಿಯರ ಸಾಹೇಬರೇ ಟೋಪಿ ತೆಗೆದು ‘ಚೌಡಪ್ಪನವರೇ’ ಎನ್ನುತ್ತಿದ್ದರು. ಸುಳ್ಳೆನಿಸಿದರೆ ಆ ಟೋಪಿಯನ್ನೇ ಕೇಳಿ.

ಅರವತ್ತೊಂದನೇ ಇಸವಿಯಲ್ಲಿ ದುಂಡಸಿಯ ಹೊರಗೆ ರಸ್ತೆಗೆಂದು ಗರಸು ಮಣ್ಣು ಅಗೆಯುತ್ತಿದ್ದೆವು. ಗುಂಡಿ ಎಷ್ಟು ಆಳವೆಂದರೆ, ಮೇಲಿಂದ ಉಗುಳಿದರೆ ತಳ ಮುಟ್ಟುವಷ್ಟರಲ್ಲಿ ಒಣಗುತ್ತಿತ್ತು. ಅಂಚಿನ ದಿಬ್ಬದ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡಿತು. ಅದಕ್ಕೆ ಅಡ್ಡಲಾಗಿ ಮಣ್ಣು ಕಲಸಿದ ಸಗಣಿಯ ಪಟ್ಟಿ ಬಳಿದೆ. ಪಟ್ಟಿ ಸೀಳಿದರೆ ದಿಬ್ಬ ಸರಿಯುತ್ತಿದೆ ಎಂದರ್ಥ. ದಿನಾ ಬೆಳಿಗ್ಗೆ ನಾನು ನೋಡಿ ಹೇಳಿದ ಮೇಲೆಯೇ ಗೆಳೆಯ ಗುದ್ಲೆಪ್ಪ ಇಳಿಯುತ್ತಿದ್ದ.

“ಏನಂತೈತೋ ನಿನ್ನ ಪಟ್ಟಿ?”

“ನಿನ್ನ ಭಾರ ತಾಳಂಗಿಲ್ಲ ಅಂತೈತಿ. ಎರಡು ರೊಟ್ಟಿ ಕಡಿಮಿ ತಿನ್ನು.”

ಬುಟ್ಟಿ ಹೊರುವ ಅವನ ಹೆಂಡತಿ ಕರೆವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ಅಮಾವಾಸ್ಯೆಯಂದು ನಾವು ಹಾರಿ ಮುಟ್ಟುವುದಿಲ್ಲ. ಮರುದಿನ ಹಾರಿ-ಗುದ್ದಲಿಗೆ ಕಾಯಿ ಒಡೆದೇ ಕೆಲಸ. ಅಂಥದೊಂದು ಬೆಳಿಗ್ಗೆ ಹೋಗಿ ನೋಡಿದರೆ ಪಟ್ಟಿ ಕನ್ನಡಿಯಂತಿತ್ತು. ಕೊಂಚ ಹಸಿಯಾಗಿತ್ತು; ಇಬ್ಬನಿ ಎಂದುಕೊಂಡೆ. ಹಾರಿಗೆ ಕುಂಕುಮ ಹಚ್ಚಿ ಪೂಜೆಗೆಂದು ನಿಲ್ಲಿಸಿದ್ದರು, ಎತ್ತಿ ಬಡಿದು ನೋಡಲಿಲ್ಲ.

“ಇಳಿಯೋ ಗುದ್ಲ್ಯಾ, ಇನ್ನ ನೂರು ವರ್ಷ ಅಲಗಾಡಂಗಿಲ್ಲ” ಎಂದೆ.

ಎರಡನೇ ಬುಟ್ಟಿ ತುಂಬುವ ಮುಂಚೆ ದಿಬ್ಬ ಅವನ ಮೇಲೆ ಕೂತುಬಿಟ್ಟಿತು. ಇದನ್ನು ದೊಡ್ಡದು ಮಾಡಿ ಹೇಳಲು ನನಗೆ ಬರುವುದಿಲ್ಲ. ಗರಸನ್ನು ಕೈಯಿಂದಲೇ ಬಗೆದೆವು. ಮಧ್ಯಾಹ್ನ ಸಿಕ್ಕ. ಉಸಿರಿರಲಿಲ್ಲ.

ಮೂರನೇ ದಿನ ಕರೆವ್ವನ ಮನೆಗೆ ಹೋದೆ. ಅವಳು ಗೋಡೆ ನೋಡುತ್ತ ಕುಳಿತಿದ್ದಳು.

“ಯಣ್ಣಾ, ಅವತ್ತು ನಸುಕಿನ್ಯಾಗ ಪಟ್ಟಿ ಸೀಳಿತ್ತು. ಪೂಜಾಕ್ಕ ಸೀಳಿದ್ದು ಇರಬಾರದು ಅಂತ ಮ್ಯಾಲ ಸಗಣಿ ಸಾರಿಸಿ ಬಂದ್ನಿ. ನಿಮ್ಮ ಪಟ್ಟಿ ಮಾತು ಬರೀ ಚ್ಯಾಷ್ಟಿ ಅನ್ಕೊಂಡಿದ್ನಿ. ಅಂದ್ರ ನಾನ ಅವ್ರನ್ನ…”

ನನ್ನ ಮಾತನ್ನು ಅವಳು ಚೇಷ್ಟೆ ಎಂದು ತಿಳಿಯುವಂತೆ ಮಾಡಿದ್ದು ಯಾರು? ಈ ಬಾಯಿಯೇ. ಅದೇ ಬಾಯಿ ತೆರೆದೆ.

“ನೀ ಸಾರಿಸಿದ್ದು ನಂಗ ಗೊತ್ತಾಗಿತ್ತವ್ವ. ಕೆರೆದು ನೋಡಿದ್ನಿ. ತೆಳಗ ಬಿರುಕು ಬೆರಳು ಹೋಗುವಷ್ಟು ಅಗಲ ಆಗಿತ್ತು. ಆದ್ರೂ ಇಳಿ ಅಂದ್ನಿ.”

ಅವಳು ಎದ್ದು ಬಾಗಿಲು ತೆರೆದು ಹಿಡಿದಳು.

ನಾನು ಹೇಳಿದ ಸುಳ್ಳುಗಳಲ್ಲಿ ಊರೆಲ್ಲ ನಂಬಿದ್ದು ಅದೊಂದನ್ನೇ. ಇಂದಿಗೂ ಶಿಗ್ಗಾವಿಯ ಬಸ್ಸಿಗೆ ನಾನು ಹತ್ತಿದರೆ, ಕರೆವ್ವ ಇಳಿದು ನಡೆಯುತ್ತಾಳೆ.