ಬೆರಕೆ ಸೊಪ್ಪಿಗೆ ಸೇರಿಕೊಂಡ ಗಂಟೆ ಹೂವಿನ ಎಲೆ

ಬಸುರಿ ಶರ್ವಾಣಿ ಅಮೆರಿಕದಿಂದ ಫೋನು ಮಾಡಿ ಅತ್ತಾಗ, ಅವಳ ತಾಯಿ ವೆಂಕಟಮ್ಮ ಮಾಲೂರಿನಲ್ಲಿ ಕೂತೇ ಒಂದು ಮಾತು ಕೊಟ್ಟಿದ್ದರು. "ಅಳಬ್ಯಾಡ ಕಣೇ. ಅಲ್ಲಿಗೇ ಬಂದು, ನನ್ನ ಕೈಯಾರೆ ಬೆರಕೆ ಸೊಪ್ಪು ಕಿತ್ತು, ಮಸ್ಸೊಪ್ಪು ಮಾಡಿ, ನಿಂಗೂ ನಿನ್ನ ಮಗೂಗೂ ತುತ್ತಿಟ್ಟು ತಿನ್ನಿಸ್ತೀನಿ."

ವೀಸಾ ಸಿಕ್ಕಿ ಮಗಳಿದ್ದ ಎವರೆಟ್ಟಿಗೆ ಬಂದಿಳಿಯುವಷ್ಟರಲ್ಲಿ ಆ ಮಗು ಪೂಜಿತಾಗೆ ಆರು ತುಂಬಿತ್ತು. ಬಂದ ಮೇಲೂ ಇವತ್ತು ನಾಳೆ ಅನ್ನುತ್ತ ದಿನ ಜಾರಿ ಹೋಯಿತು. ಈಗ ನೋಡಿದರೆ ನಾಳೆ ಬೆಳಿಗ್ಗೆಯೇ ವಾಪಸು ವಿಮಾನ. ಸೂಟ್‌ಕೇಸು ತುಂಬುವ ಕೆಲಸವನ್ನು ಗಂಡ ಗಣಪತಿಯವರ ತಲೆಗೆ ಕಟ್ಟಿ, ವೆಂಕಟಮ್ಮ ಮಡಿಲು ಸಿಕ್ಕಿಸಿಕೊಂಡು ಮನೆ ಹಿಂದಿನ ದಿಣ್ಣೆ ಹತ್ತಿದರು.

ಬೆರಕೆ ಸೊಪ್ಪೆಂದರೆ ಒಂದೇ ಸೊಪ್ಪಲ್ಲ. ಹೊಲದ ಬದುವಿನಲ್ಲಿ ಸಿಕ್ಕ ಹತ್ತು ಬಗೆಯ ಕುಡಿಗಳನ್ನು ಸೇರಿಸಿ ಬೇಯಿಸುವುದು. ಒಂದು ಹುಳಿ, ಒಂದು ಒಗರು, ಒಂದು ಕಹಿ. ಎಲ್ಲ ಸೇರಿದಾಗ ಯಾವುದೂ ಎದ್ದು ಕಾಣುವುದಿಲ್ಲ. ದಿಣ್ಣೆಯ ಮೇಲೆ ಗೋಣಿ ಸೊಪ್ಪು ಸಿಕ್ಕಿತು, ಚಕ್ಕೋತ ಸೊಪ್ಪು ಸಿಕ್ಕಿತು. ಅದರ ಪಕ್ಕದಲ್ಲೇ ನೆಲಕ್ಕೆ ಅಂಟಿದಂತೆ ಹರಡಿಕೊಂಡಿದ್ದ, ಕೈಗೆ ಮೆತ್ತಗಿದ್ದ ಅಗಲ ಎಲೆಯೊಂದು ಕಣ್ಣಿಗೆ ಬಿತ್ತು. ಹೆಸರು ಹೊಳೆಯಲಿಲ್ಲ. ಚೂರು ಅಗಿದು ನೋಡಿದರೆ ಕಡು ಕಹಿ. ಥೂ ಎಂದು ಉಗುಳಿದರು. ಬೆರಕೆಯಲ್ಲಿ ಕಹಿ ಎಲ್ಲಿ ತಿಳಿಯುತ್ತದೆ ಎಂದು ಅದನ್ನೂ ಮಡಿಲಿಗೆ ಹಾಕಿಕೊಂಡರು.

ಬೇಳೆಯೊಂದಿಗೆ ಸೊಪ್ಪು ಬೆಂದು, ಬೆಳ್ಳುಳ್ಳಿ ಒಗ್ಗರಣೆ ಬಿದ್ದು, ಗಣಪತಿಯವರು ತಟ್ಟೆ ಹಿಡಿದು ಕೂತೇಬಿಟ್ಟಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಸ್ವಪ್ನಾ ಬಂದಳು. ಬಾಗಲಕೋಟೆಯ ಹುಡುಗಿ, ಇಲ್ಲಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್.

"ಅಮ್ಮಾರ, ನಿಮ್ಮ ಒಗ್ಗರಣಿ ವಾಸನಿ ನಮ್ಮ ಗ್ಯಾರೇಜಿನ ತನಕ ಬಂದೈತ್ರಿ!"

"ಬಾರಮ್ಮ, ಒಳ್ಳೆ ಟೈಮಿಗೆ ಬಂದೆ. ಮುದ್ದೆ ತಿರುವ್ತೀನಿ, ಕೂತ್ಕೋ."

ಸ್ವಪ್ನಾ ಕೂರಲಿಲ್ಲ. ಸಿಂಕಿನ ಪಕ್ಕ ಉಳಿದಿದ್ದ ಎಲೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಅವಳ ಮುಖದ ನಗು ಹೋಯಿತು.

"ಅಪ್ಪಾರ, ತಟ್ಟಿ ಕೆಳಗಿಡ್ರಿ. ತಿಂದಿಲ್ಲ ಹೌದಿಲ್ಲ?"

"ಇವಳು ಬಡಿಸಿದ್ರೆ ತಾನೇ ತಿನ್ನೋದು!" ಅಂದರು ಗಣಪತಿಯವರು.

"ಅಮ್ಮಾರ, ಇದು ಫಾಕ್ಸ್‌ಗ್ಲವ್ ಎಲಿ. ದಿಣ್ಣಿ ಮ್ಯಾಲೆ ನೇರಳೆ ಗಂಟಿ ಹೂವು ಉದ್ದಕ ಜೋತು ಬಿದ್ದಾವಲ್ಲ, ಅದೇ ಗಿಡ. ಭಾಳ ವಿಷ."

"ಹೂವಿನ ಗಿಡ ನಾನು ಮುಟ್ಟೇ ಇಲ್ಲ ಕಣಮ್ಮ!"

"ಮೊದಲ ವರ್ಷ ಬರೇ ಎಲಿ ಇರ್ತೈತ್ರಿ. ಹೂವು ಮುಂದಿನ ವರ್ಷ."

ವೆಂಕಟಮ್ಮನಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ನಿನ್ನ ವಯಸ್ಸಿನಷ್ಟು ವರ್ಷ ಸೊಪ್ಪು ಕಿತ್ತಿದೀನಿ. ಚೆನ್ನಾಗಿ ಬೇಯ್ಸಿದ್ರೆ ಎಲ್ಲಾ ಹೋಗುತ್ತೆ."

"ಇದರ ವಿಷ ಕುದಿಸಿದರೂ ಹೋಗಂಗಿಲ್ರಿ. ಯುರೋಪಿನ ಹಳ್ಯಾಗ ಇದು ಯಕ್ಷಿಣಿ ಹಾಕ್ಕೊಳ್ಳೋ ಕೈಗವಸು, ನರಿ ಸಪ್ಪಳ ಆಗದಂಗ ಕೋಳಿ ಕದಿಯಾಕ ಕಾಲಿಗೆ ತೊಟ್ಟುಕೊಳ್ಳೋ ಹೂವು ಅಂತ ಕಥಿ ಹೇಳ್ತಿದ್ರು. ಕಾಲು ಬಾತವರಿಗೆ ನಾಟಿ ವೈದ್ಯರು ಇದರ ಕಷಾಯ ಕೊಡ್ತಿದ್ರು. ಕೆಲವರು ಎದ್ದು ಕೂತ್ರು, ಕೆಲವರು ಸತ್ತೇ ಹೋದ್ರು. ಆಮ್ಯಾಲೆ ಡಾಕ್ಟರು ಅಳತಿ ಕಂಡುಹಿಡಿದ್ರು. ಅಪ್ಪಾರು ಎದಿ ಬಡಿತಕ್ಕ ತಗೊಳ್ಳೋ ಗುಳಿಗಿ ಐತಲ್ಲ, ಅದು ಇದೇ ಜಾತಿ ಗಿಡದಿಂದ ಬಂದದ್ದು."

"ನೋಡು, ನೀನೇ ಹೇಳ್ದೆ! ಗುಳಿಗೇಲಿ ಇರೋದೇ ಸಾರಲ್ಲೂ ಐತೆ ಅಂದ್ಮೇಲೆ ಒಳ್ಳೇದೇ ಅಲ್ವಾ?"

"ಗುಳಿಗಿಯೊಳಗ ಎಷ್ಟಿರಬೇಕೋ ಅಷ್ಟೇ ಇರ್ತೈತಿ. ಎಲಿಯೊಳಗ ಎಷ್ಟೈತಿ ಅಂತ ಆ ಎಲಿಗೂ ಗೊತ್ತಿಲ್ಲ. ಅಪ್ಪಾರು ಮುಂಜಾನೆ ಗುಳಿಗಿ ನುಂಗ್ಯಾರಿಲ್ಲ? ಅದರ ಮ್ಯಾಲೆ ಇದು ಬಿದ್ದರ ಎದಿ ಬಡಿತ ನಿಂತೇ ಹೋಗಬಹುದು. ಸಣ್ಣ ಹುಡುಗಿಗಂತೂ ಸ್ವಲ್ಪ ಸಾಕು."

ವೆಂಕಟಮ್ಮ ಗಂಡನ ಕಡೆ ನೋಡಿದರು. ಅವರಿನ್ನೂ ತಟ್ಟೆ ಬಿಟ್ಟಿರಲಿಲ್ಲ. ಹಿಂದೆಯೇ ಪೂಜಿತಾ ನಿಂತು "ಅಜ್ಜಿ, ಈಸ್ ಇಟ್ ರೆಡಿ?" ಅಂದಳು. ವೆಂಕಟಮ್ಮ ಪಾತ್ರೆ ಎತ್ತಿ, ಸಾರನ್ನೆಲ್ಲ ದಪ್ಪ ಚೀಲಕ್ಕೆ ಸುರಿದು, ಬಿಗಿಯಾಗಿ ಗಂಟು ಹಾಕಿ ಕಸದ ಡಬ್ಬಕ್ಕೆ ಹಾಕಿದರು. ಆಮೇಲೆ ಸಣ್ಣ ದನಿಯಲ್ಲಿ, "ನಾನು ಒಂದು ಚೂರು ಅಗಿದಿದ್ದೆ ಕಣಮ್ಮ. ಉಗುಳ್ದೆ," ಅಂದರು.

ಸ್ವಪ್ನಾ ಕೂಡಲೇ ವಿಷ ಸಹಾಯವಾಣಿಗೆ ಕಾಲ್ ಮಾಡಿದಳು.

"ಅಯ್ಯೋ, ಪೊಲೀಸರು ಬರ್ತಾರಾ? ನಾಳೆ ವಿಮಾನ ಹತ್ತೋಕೆ ಬಿಡ್ತಾರಾ?"

"ಯಾರೂ ಬರಂಗಿಲ್ಲ, ವೀಸಾನೂ ಕೇಳಂಗಿಲ್ಲ. ಪುಕ್ಕಟೆ ಐತ್ರಿ. ಕನ್ನಡದವರು ಬೇಕಂದ್ರೂ ದುಭಾಷಿ ಕೇಳಬಹುದು."

ಆ ಕಡೆಯ ನರ್ಸು ಎಷ್ಟು ತಿಂದಿರಿ, ಯಾವಾಗ, ವಯಸ್ಸೆಷ್ಟು, ಬೇರೆ ಏನು ಔಷಧಿ ತಗೊಳ್ತೀರಿ ಎಂದು ನಿಧಾನವಾಗಿ ಕೇಳಿದರು. ಬಾಯಿ ತೊಳೆದು ನೀರು ಕುಡಿಯಲಿ, ವಾಂತಿ, ತಲೆ ಸುತ್ತು, ಕಣ್ಣು ಹಳದಿ ಕಾಣುವುದು ಯಾವುದೇ ಆದರೂ ಆಸ್ಪತ್ರೆಗೆ ಹೋಗಿ ಎಂದರು. ಸಂಜೆ ತಾವೇ ಮತ್ತೆ ಕಾಲ್ ಮಾಡಿ ವಿಚಾರಿಸಿದರು. ವೆಂಕಟಮ್ಮನಿಗೆ ಏನೂ ಆಗಿರಲಿಲ್ಲ. "ನನ್ನ ನಾದಿನೀರೂ ಇಷ್ಟು ವಿಚಾರಿಸ್ಕೊಂಡಿಲ್ಲ," ಅಂದರು.

ಕೆಲಸ ಮುಗಿಸಿ ಬರುವಾಗ ಶರ್ವಾಣಿ ಅಂಗಡಿಯಿಂದ ಪಾಲಕ್ಕು, ಮೆಂತ್ಯ, ದಂಟು ತಂದಳು. ವೆಂಕಟಮ್ಮ ಅದನ್ನೇ ಬೇಯಿಸಿ ಮಸೆದರು. ಪೂಜಿತಾ "ಮೋರ್" ಎಂದು ಮತ್ತೊಮ್ಮೆ ಬಾಯಿ ತೆರೆದಳು. ಗಣಪತಿಯವರು, "ಬೆರಕೆಯಷ್ಟು ರುಚಿ ಇಲ್ಲ," ಎಂದು ಮೂರು ಸಲ ಬಡಿಸಿಕೊಂಡರು.

ಓದುವ ಅಕ್ಕ, ಅಣ್ಣ, ನಿಮ್ಮ ಮನೆಗೂ ಊರಿಂದ ಅಮ್ಮನೋ ಅತ್ತೆಯೋ ಬಂದಿರಬಹುದು. ಅವರ ಕೈಗೆ ಸೊಪ್ಪು ಗೊತ್ತು. ಈ ನೆಲ ಗೊತ್ತಿಲ್ಲ. ಇಲ್ಲಿನ ದಿಣ್ಣೆ, ರಸ್ತೆ ಬದಿಯ ಎಲೆ ಎಷ್ಟೇ ಪರಿಚಿತವಾಗಿ ಕಂಡರೂ, ತಿಳಿದವರಿಗೆ ತೋರಿಸದೆ ಒಲೆಗೆ ಹಾಕಬೇಡಿ. ಗಿಡಮೂಲಿಕೆ ತಗೊಳ್ಳುತ್ತಿದ್ದರೆ ಡಾಕ್ಟರಿಗೂ ಫಾರ್ಮಸಿಸ್ಟಿಗೂ ಮುಚ್ಚಿಡದೆ ಹೇಳಿ. ಯಾರಾದರೂ ಅನುಮಾನದ ಎಲೆ ತಿಂದರೆ ವಾಂತಿಯಾದರೆ ನೋಡೋಣ ಎಂದು ಕಾಯುತ್ತ ಕೂರಬೇಡಿ. ವಿಷ ಸಹಾಯವಾಣಿ 1-800-222-1222ಕ್ಕೆ ಫೋನು ಮಾಡಿ, ಹಗಲೂ ರಾತ್ರಿ ಎತ್ತುತ್ತಾರೆ. ಕುಸಿದು ಬಿದ್ದರೆ, ಉಸಿರಾಟ ಕಷ್ಟವಾದರೆ ನೇರವಾಗಿ 911. ಈ ನಂಬರುಗಳನ್ನು ಇವತ್ತೇ ಅಮ್ಮನ ಫೋನಿಗೂ ಹಾಕಿಕೊಡಿ.

ತನ್ನ ಕೈಯಾರೆ ಕಿತ್ತ ಸೊಪ್ಪು ತಿನ್ನಿಸುತ್ತೇನೆಂದು ವೆಂಕಟಮ್ಮ ಕೊಟ್ಟಿದ್ದ ಮಾತು ನಡೆಯಲಿಲ್ಲ.