ಮಾಡಿನ ಮೇಲಿನ ದನಿ

"ನೀನೇ ಇಳಿ, ಲೆವೊನಾ," ಎಂದು ದೋಣಿಯ ಸ್ಕಿಪ್ಪರ್ ದೆವಾಲ್ಡ್ ಕೆಳಗಿನಿಂದ ಕೂಗಿದ. "ಜೊತೆಗೆ ಒಬ್ರು ಹೆಂಗಸ್ರು ಇದ್ರೆ ಮಾತ್ರ ಇಳೀತೀನಿ ಅಂತಿದಾರೆ ಈ ಅಮ್ಮ. ನಿನ್ನ ಜಾಗದಲ್ಲಿ ಎಲ್ರಿಕೋ ನಿಲ್ತಾನೆ."

ದೋಣಿಯ ಕೋಣೆಯ ಚಾವಣಿಯಾದ ಮಾಡಿನ ಮೇಲೆ ಕಾವಲು ನಿಂತಿದ್ದ ಲೆವೊನಾ ಬಗ್ಗಿ ನೋಡಿದಳು. ಮಗ್ಗುಲಿಗೆ ಬಿಗಿದಿದ್ದ ಕಬ್ಬಿಣದ ಪಂಜರದಲ್ಲಿ ಶಾರ್ಕ್ ನೋಡಲು ಬಂದ ನಾಲ್ವರು ಗಿರಾಕಿಗಳು ಆಗಲೇ ಕುತ್ತಿಗೆಮಟ್ಟದ ನೀರಿನಲ್ಲಿ ನಿಂತಿದ್ದರು. ಐದನೆಯವಳು, ರಬ್ಬರ್ ಉಡುಪು ತೊಟ್ಟ ನಡುವಯಸ್ಸಿನ ಹೆಂಗಸು, ಪಂಜರದೊಳಗಿಂದ ಗಂಡ ಎಷ್ಟು ಕರೆದರೂ ಕದಲದೆ ಅಂಚಿನಲ್ಲೇ ಕುಳಿತಿದ್ದಳು. ಅವಳ ಪಕ್ಕದಲ್ಲಿ ಲೆವೊನಾಳ ಅಪ್ಪ ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದ. ಹಗ್ಗದ ತುದಿಗೆ ಕಟ್ಟಿದ ಟೂನಾ ಮೀನಿನ ತಲೆ ಹಸಿರು ನೀರಿನ ಮೇಲೆ ಏಳುತ್ತ ಬೀಳುತ್ತ ಇತ್ತು.



ಕ್ಲೈನ್‌ಬಾಯ್ ದಕ್ಕೆಯಲ್ಲಿ ಅಪ್ಪನಿಗೆ ಊಮ್ ಫ್ಲೂರ್ಸ್, ಅಂದರೆ ಫ್ಲೂರ್ಸ್ ಮಾವ, ಎಂದೇ ಹೆಸರು. ಅವನಷ್ಟು ಚೆನ್ನಾಗಿ ಹಗ್ಗ ಆಡಿಸುವವರು ಅಲ್ಲಿನ ಯಾವ ದೋಣಿಯಲ್ಲೂ ಇರಲಿಲ್ಲ. ಬಿಳಿ ಶಾರ್ಕ್ ಬಂದಾಗ ಮೀನಿನ ತಲೆಯನ್ನು ಅದರ ಮೂತಿಯ ಮುಂದಿನಿಂದಲೇ ಎಳೆದು, ಗಿರಾಕಿಗಳ ಕಣ್ಣೆದುರು ಹಾಯಿಸಿ, ಆಚೆ ದಾಟಿಸಬೇಕು. ಶಾರ್ಕಿಗೆ ತಿನ್ನಲು ಕೊಡುವಂತಿಲ್ಲ. ಪಂಜರದ ಮೇಲಂತೂ ಎಳೆಯುವಂತೆಯೇ ಇಲ್ಲ. ವಾಸನೆ ಹತ್ತಿದ ಶಾರ್ಕ್ ಮೀನು ಹೋದ ದಾರಿಯಲ್ಲೇ ನುಗ್ಗುತ್ತದೆ. ಸಿಕ್ಕಿಕೊಂಡರೆ ಹಿಂದಕ್ಕೆ ಈಜಲು ಅದಕ್ಕೆ ಬರುವುದಿಲ್ಲ.

ಕಳೆದ ಚಳಿಗಾಲದಿಂದ ಅಪ್ಪನಿಗೆ ನೀರೊಳಗಿನ ನೆರಳು ಕಾಣುತ್ತಿರಲಿಲ್ಲ. ಆಮೇಲಾಮೇಲೆ ನೀರಿನ ಮೇಲಿನ ಮೀನಿನ ತಲೆಯೂ ಕಾಣದಾಯಿತು. ಅಪ್ಪ ಹೇಳಿದ್ದಲ್ಲ, ಅವನು ಒಲೆಯ ಮೇಲಿನ ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದು, ಯಾರೂ ನೋಡಲಿಲ್ಲವೆಂದುಕೊಂಡು ತೋಳಿನಿಂದ ಒರೆಸಿದ್ದನ್ನು ಅವಳು ನೋಡಿದ್ದಳು. ಮರುದಿನ ಮಾಡು ಹತ್ತಿದವಳು ಮಾತಾಡತೊಡಗಿದಳು. ಶಾರ್ಕ್ ಕಂಡಾಗ ಯಾವ ಕಡೆಯೆಂದು ಹೇಳಿ, ಪಂಜರದವರಿಗೆ "ಮುಳುಗಿ" ಎಂದು ಕೂಗುವುದಷ್ಟೇ ಕಾವಲಿನವರ ಕೆಲಸ. ಅವಳು ಅಷ್ಟಕ್ಕೆ ನಿಲ್ಲಿಸುತ್ತಿರಲಿಲ್ಲ. ನೆರಳು ಎಷ್ಟು ದೂರದಲ್ಲಿದೆ, ಎತ್ತ ತಿರುಗಿತು, ನೀರು ಯಾವ ಕಡೆ ಸೆಳೆಯುತ್ತಿದೆ, ಮೀನಿನ ತಲೆ ಎಲ್ಲಿಗೆ ಬಂತು, ಎಲ್ಲವನ್ನೂ ಒಂದೇ ಸಮನೆ ಹೇಳುತ್ತಿದ್ದಳು. ಅಪ್ಪ ಅದನ್ನು ಕೇಳಿಕೊಂಡು ಹಗ್ಗ ಎಳೆಯುತ್ತಿದ್ದ. ಈ ವಿಷಯ ಅವರಿಬ್ಬರ ನಡುವೆ ಒಂದು ದಿನವೂ ಮಾತಿಗೆ ಬಂದಿರಲಿಲ್ಲ.

"ದಡದಲ್ಲಿ ಹೆಸರು ಕೇಳಿದ್ರೂ ತಲೆ ತಗ್ಗಿಸ್ತಾಳೆ," ಎಂದು ದೋಣಿಯ ಇನ್ನೊಬ್ಬ ಕೆಲಸಗಾರ ಎಲ್ರಿಕೋ ಎಲ್ಲರೆದುರು ಅವಳನ್ನು ರೇಗಿಸುವುದಿತ್ತು. "ಮಾಡು ಹತ್ತಿದ್ರೆ ಸಾಕು, ರೇಡಿಯೋ. ಬ್ಯಾಟರಿನೇ ಮುಗಿಯಲ್ಲ ಮಾರಾಯ."

ಅದೇ ಎಲ್ರಿಕೋ ಈಗ ಏಣಿ ಹತ್ತಿ ಅವಳ ಜಾಗದಲ್ಲಿ ನಿಂತ. ಅವಳು ಇಳಿದು, ರಬ್ಬರ್ ಉಡುಪಿನೊಳಗೆ ತೂರಿಕೊಂಡು ಅಪ್ಪನ ಪಕ್ಕಕ್ಕೆ ಬಂದಳು.

"ಅಪ್ಪ, ಇದೊಂದು ಸಲ ಹಗ್ಗ ಬೇರೆಯವ್ರಿಗೆ ಕೊಡಿ."

ಅಪ್ಪ ನೀರಿನ ಕಡೆಗೇ ಮುಖ ಮಾಡಿದ್ದ. "ಯಾಕೆ?"

ಅವಳು ಮಾಡಿನ ಮೇಲಿದ್ದ ಎಲ್ರಿಕೋನ ಕಡೆ ನೋಡಿದಳು.

"ಎಲ್ರಿಕೋಗೂ ಬಾಯಿದೆ," ಎಂದ ಅಪ್ಪ ತಗ್ಗಿದ ದನಿಯಲ್ಲಿ. "ನೀನು ಆಯಮ್ಮನ್ನ ನೋಡ್ಕೋ. ನನ್ನ ಕೆಲಸ ನನಗೆ ಬಿಡು."

ಸ್ಕಿಪ್ಪರ್ ಕೂಗಳತೆಯಲ್ಲೇ ಇದ್ದ. ಒಂದು ಮಾತು ಸಾಕಿತ್ತು. ಆದರೆ ಆ ಮಾತಿನ ನಂತರ ಊಮ್ ಫ್ಲೂರ್ಸ್ ಎಂಬವನು ಇರುತ್ತಿರಲಿಲ್ಲ. ದಕ್ಕೆಯ ಗೋಡೆಗೆ ಒರಗಿ ಬಿಸಿಲು ಕಾಯಿಸಿಕೊಳ್ಳುವ ಇನ್ನೊಬ್ಬ ಮುದುಕ ಇರುತ್ತಿದ್ದ. ಲೆವೊನಾ ಹೆಂಗಸಿನ ಕೈ ಹಿಡಿದುಕೊಂಡು ಪಂಜರಕ್ಕಿಳಿದಳು.

ನೀರು ಮೂಳೆಗೇ ಕೊರೆಯಿತು. ಕಂಬಿಯಾಚೆ ಕೈ ಹಾಕಬಾರದು, ಕೆಳಗಿನ ಸರಳಿಗೆ ಕಾಲು ಸಿಕ್ಕಿಸಿಕೊಳ್ಳಬೇಕು ಎಂದು ಹೆಂಗಸಿಗೆ ಹೇಳಿಕೊಟ್ಟಳು. ಆಯಿತು ಆಯಿತು ಎನ್ನುತ್ತ ಹೆಂಗಸು ಅವಳ ತೋಳನ್ನೇ ಬಿಗಿಯಾಗಿ ಹಿಡಿದಳು. ಮೇಲೆ ಎಲ್ರಿಕೋ ಮಾತಿಲ್ಲದೆ ನಿಂತಿದ್ದ. ಏನೂ ಕಾಣದಿದ್ದಾಗ ಏನು ಹೇಳಬೇಕು? ಮೀನೆಣ್ಣೆಯ ಜಿಡ್ಡಿನ ಮೇಲೆ ಕಡಲಕ್ಕಿಗಳು ಕಿತ್ತಾಡುತ್ತಿದ್ದವು. ಆಮೇಲೆ ಅವೂ ಒಮ್ಮೆಲೇ ಎದ್ದು ಹಾರಿದವು.

ಆಗ ಲೆವೊನಾಗೆ ಕಂಡದ್ದು ಮೀನಿನ ತಲೆ. ನೀರಿನ ಸೆಳೆತ ತಿರುಗಿತ್ತು. ತಲೆ ತೇಲಿಕೊಂಡು ಪಂಜರದ ಮೂಲೆಗೇ ಬಂದಿತ್ತು. ಸಡಿಲಗೊಂಡ ಹಗ್ಗ ಪಂಜರದ ತೆರೆದ ಬಾಯಿಯ ಮೇಲೆ ಅಡ್ಡ ಬಿದ್ದಿತ್ತು. ಅಪ್ಪ ದೂರದ ನೀರಿನತ್ತ, ಮೀನಿನ ತಲೆ ಸ್ವಲ್ಪ ಹೊತ್ತಿಗೆ ಮೊದಲು ಇದ್ದ ಕಡೆಗೆ, ಮುಖ ಮಾಡಿ ನಿಂತಿದ್ದ.

"ಎಡಕ್ಕೆ! ಮುಳುಗಿ!" ಎಂದು ಎಲ್ರಿಕೋ ಕೂಗಿದ.

ನಾಲ್ವರೂ ಮುಳುಗಿದರು. ಎಳೆಯಬೇಡಿ ಎಂದು ಲೆವೊನಾ ಅರಚಿದಳು. ಆದರೆ ಅಪ್ಪನ ಕಿವಿ ಇದ್ದದ್ದು ಮಾಡಿನ ಕಡೆಗೆ. ಅವನು ಎಳೆದ, ಯಾವತ್ತಿನಂತೆ ಚುರುಕಾಗಿ. ಮೀನಿನ ತಲೆ ಅವಳ ಕೆನ್ನೆ ಸವರಿಕೊಂಡು ಪಂಜರದ ಮೇಲೆ ಹಾದುಹೋಯಿತು. ಅದರ ಹಿಂದೆಯೇ ನೀರು ಒಡೆಯಿತು.

ಶಾರ್ಕಿನ ತಲೆ ಕಿವಿರಿನವರೆಗೂ ಪಂಜರದೊಳಗೆ ಬಂತು. ಲೆವೊನಾ ಹೆಂಗಸಿನ ಭುಜ ಒತ್ತಿ, ಅವಳನ್ನು ತಳಕ್ಕೆ ತುಳಿದಂತೆ ಕೆಡವಿ, ಮೇಲೆ ತಾನೇ ಬಿದ್ದಳು. ಕಬ್ಬಿಣ ನರಳಿತು. ನೊರೆಯ ನಡುವೆ ಬಿಳಿ ಹೊಟ್ಟೆ, ವಸಡು, ಯಾರದೋ ಕಾಲು. ಉಸಿರು ಮುಗಿಯುತ್ತ ಬಂದಿತ್ತು; ಮೇಲೆ ಹೋಗಲು ಜಾಗವಿರಲಿಲ್ಲ. ಇದ್ದಕ್ಕಿದ್ದಂತೆ ಪಂಜರ ಹೊರಮಗ್ಗುಲಿಗೆ ವಾಲಿತು. ದೆವಾಲ್ಡ್ ಒಂದು ಕಡೆಯ ಕಟ್ಟು ಬಿಚ್ಚಿದ್ದ. ಶಾರ್ಕಿನ ಭಾರ ಹೊರಗೆ ಜಾರಿತು, ಬಾಲ ಒಮ್ಮೆ ಬಡಿಯಿತು, ಬೆಳಕು ಬಂತು.

ಎಲ್ಲರನ್ನೂ ಮೇಲೆಳೆದುಕೊಂಡರು. ಹೆಂಗಸಿನ ಗಂಡನ ಗಲ್ಲ ಒಡೆದು ರಕ್ತ ಸುರಿಯುತ್ತಿತ್ತು, ಅಷ್ಟೇ. ದೆವಾಲ್ಡ್ ಎಣಿಸಿ ನೋಡಿ, ಮತ್ತೊಮ್ಮೆ ನೋಡಿ, ಆಮೇಲೆ ಮಾಡಿನಿಂದ ಇಳಿದು ಬಂದಿದ್ದ ಎಲ್ರಿಕೋನ ಎದುರಿಗೆ ಹೋಗಿ ನಿಂತ.

"ಎಲ್ಲಿ ನೋಡ್ತಿದ್ದೆ?"

"ಕಂಡ ಕೂಡ್ಲೇ ಕೂಗಿದ್ನಲ್ಲ, ಸ್ಕಿಪ್ಪರ್."

"ಸರಿಯಾಗಿ ಕೂಗಿದ್ರೆ ಊಮ್ ಫ್ಲೂರ್ಸ್ ಪಂಜರದ ಮೇಲೆ ಎಳೀತಿದ್ರಾ? ಇಷ್ಟು ವರ್ಷದಲ್ಲಿ ಒಂದು ಸಲ ಎಳ್ದಿದಾರಾ? ದಡ ಮುಟ್ಟಿದ ಮೇಲೆ ನಿನ್ನ ಬಟ್ಟೆಬರೆ ತಗೊಂಡು ನಡಿ."

ಎಲ್ರಿಕೋ ಅಪ್ಪನ ಕಡೆ ನೋಡಿದ. ಅಪ್ಪ ನಿಜ ಹೇಳಲೆಂದು ಲೆವೊನಾ ಕಾದಳು. ಹಲ್ಲು ಕಟಕಟಿಸುತ್ತಿದ್ದರೂ ಕಾದಳು. ಅಪ್ಪ ಹಗ್ಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ಅಪ್ಪಂಗೆ ಕಣ್ಣು ಕಾಣಲ್ಲ," ಎಂದಳು.

ದನಿ ಮಾಡಿನ ಮೇಲಿಂದ ಬರುವಂತೆಯೇ ಬಂತು, ದೋಣಿಯ ಹಿಂಭಾಗದವರೆಗೂ ಕೇಳುವಂತೆ.

"ಹೋದ ಚಳಿಗಾಲದಿಂದ ಕಾಣಲ್ಲ. ನಾನು ಹೇಳ್ತಿದ್ದೆ, ಅವ್ರು ಎಳೀತಿದ್ರು. ಎಲ್ರಿಕೋಗೆ ಇದು ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಇಳಿದೆ."

ದೆವಾಲ್ಡ್ ಅಪ್ಪನ ಮುಖದ ಹತ್ತಿರಕ್ಕೆ ಕೈ ತಂದು ಆಡಿಸಿದ. ಅಪ್ಪ ರೆಪ್ಪೆ ಮಿಟುಕಿಸಲಿಲ್ಲ. ಕೈ ಹಿಂದಕ್ಕೆ ಹೋಯಿತು. ದೆವಾಲ್ಡ್ ಹಗ್ಗವನ್ನು ಬಿಡಿಸಿಕೊಂಡು, ಅವನ ಮೊಣಕೈ ಹಿಡಿದು, ಗಿರಾಕಿಗಳ ಬೆಂಚಿನ ಮೇಲೆ ಕೂರಿಸಿದ. ಯಾರೋ ಅವನ ಹೆಗಲಿಗೂ ಒಂದು ಕಂಬಳಿ ಹೊದಿಸಿದರು. ಎಂಜಿನ್ ಶುರುವಾಯಿತು.

ಅವನ ಪಕ್ಕದಲ್ಲಿ ಆ ಹೆಂಗಸು ಕುಳಿತಿದ್ದಳು. ಎಲ್ಲರಿಗೂ ಬಿಸಿ ಸೂಪು ಬಂತು.

"ಅದು ಎಷ್ಟು ದೊಡ್ಡದಿತ್ತು?" ಎಂದು ಅವಳು ಅಪ್ಪನನ್ನು ಕೇಳಿದಳು. "ನಾನು ಕಣ್ಣೇ ಬಿಡಲಿಲ್ಲ."

"ನಾನೂ ನೋಡಲಿಲ್ಲಮ್ಮ," ಎಂದ ಅಪ್ಪ. "ನನ್ನ ಮಗಳು ನೋಡಿದ್ಳು."

ಎದುರಿನ ಮೂಲೆಯಲ್ಲಿ ಲೆವೊನಾ ನಡುಗುತ್ತ ನಿಂತಿದ್ದಳು. ಹೆಂಗಸು ತನ್ನ ಕಡೆ ತಿರುಗಿದಾಗ ಅವಳು ತಲೆ ತಗ್ಗಿಸಿದಳು. ಅಪ್ಪ ಅವಳ ದನಿಗೆ ಕಿವಿಗೊಟ್ಟು ಕೂತ. ಆಮೇಲೆ ತನ್ನ ಸೂಪಿನ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ, ಅವಳು ಇರಬಹುದೆಂದುಕೊಂಡ ಕಡೆಗೆ ಚಾಚಿದ. ಅಲ್ಲಿ ಬರೀ ಕಂಬಿಯಿತ್ತು, ಅದರಾಚೆ ಸಮುದ್ರ. ದೋಣಿ ಅಲೆಗೆ ಎಗರಿದಂತೆಲ್ಲ ಸೂಪು ಅವನ ಬೆರಳ ಮೇಲೆ ತುಳುಕುತ್ತಿತ್ತು.

ಲೆವೊನಾ ಕಂಬಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಸರಿದು, ಲೋಟ ಇದ್ದ ಕಡೆಗೆ ಬಂದು ನಿಂತಳು.