ಹಾವು ರೈಲಿನ ಬೀಳ್ಕೊಡುಗೆ

ನ್ಯಾಮತಿ ರಸ್ತೆಯ ಮೋಜಿನ ಪಾರ್ಕಿನಲ್ಲಿ ಬುಶ್ರಾ ಮೈಕಿನಲ್ಲಿ ಕೂಗಿ ಹೇಳುವ ಕೆಲಸಕ್ಕಿದ್ದಳು. ಅಲ್ಲಿನ ಉಕ್ಕಿನ ರೋಲರ್ ಕೋಸ್ಟರನ್ನು ಜನ ಹಾವು ರೈಲು ಎನ್ನುತ್ತಿದ್ದರು. ಬೇರೆ ರಾಜ್ಯದ ಪಾರ್ಕೊಂದು ಹಳೆಯದಾಯಿತೆಂದು ಬಿಚ್ಚಿಹಾಕಿದ್ದನ್ನು ಮಾಲೀಕ ಗುರುಬಸವರಾಜ್ ಲಾರಿಗಳಲ್ಲಿ ತರಿಸಿ, ಬಣ್ಣ ಬಳಿಸಿ, ಹೊಸದೆಂದು ಓಡಿಸಿದ್ದ. ಚನ್ನಗಿರಿ, ಹೊನ್ನಾಳಿ, ದೂರದ ಜಗಳೂರಿನಿಂದಲೂ ಶಾಲೆಯ ಮಕ್ಕಳು ಬಸ್ಸು ತುಂಬಿ ಬರುತ್ತಿದ್ದರು. ಹೋದ ವರ್ಷ, ಹಳಿಯ ಕೆಳಗೆ ಕಸ ಗುಡಿಸುತ್ತಿದ್ದ ಸವಳಂಗದ ನಿರ್ಮಲಮ್ಮನ ಮೇಲೆ ಅದರ ಚಕ್ರವೊಂದು ಕಳಚಿ ಬಿತ್ತು. ಆಸ್ಪತ್ರೆಯಲ್ಲಿ ಆಕೆಯ ಬಲಗೈಯನ್ನು ಮಣಿಕಟ್ಟಿನಿಂದಲೇ ತೆಗೆಯಬೇಕಾಯಿತು. ಅಂದೇ ರೈಲು ನಿಂತಿತು.

ಈಗ ಹಳಿಗಳಿಗೆಲ್ಲ ಬಣ್ಣದ ದೀಪ ಸುತ್ತಿ, ಕೆಳಗೆ ಹೋಟೆಲು ತೆರೆಯುವುದು ಗುರುಬಸವರಾಜನ ಯೋಚನೆ. ಅದಕ್ಕೆ ಮೊದಲು ರೈಲಿಗೊಂದು ಬೀಳ್ಕೊಡುಗೆ ಸಮಾರಂಭ. ಸನ್ಮಾನ ಮಾಡುತ್ತೇವೆಂದು ನಿರ್ಮಲಮ್ಮನನ್ನೂ ಕರೆಸಿದ.

ಸಮಾರಂಭದ ದಿನ, ಪಾರಿವಾಳದ ಹಿಕ್ಕೆ ಮೆತ್ತಿದ ರೈಲಿನ ಗಾಡಿಗೆ ಸೇವಂತಿಗೆ ಹಾರ ಹಾಕಿದ್ದರು. ಹಳೆಯ ಗ್ರೀಸಿನ ಕಮಟಿಗೆ ಕೇಸರಿಬಾತಿನ ತುಪ್ಪದ ವಾಸನೆ ಬೆರೆತಿತ್ತು. ಬುಶ್ರಾ ಮೂಗು ಮುಚ್ಚಿಕೊಂಡಳು. ಗುರುಬಸವರಾಜ್ ನಿರ್ಮಲಮ್ಮನಿಗೆ ಶಾಲು ಹೊದಿಸಿ, ಅದರ ಅಂಚನ್ನು ಬಲಗಡೆಗೆ ಎಳೆದ.

"ಕೈ ಒಳಗೇ ಇರ್ಲಿ ಕಣಮ್ಮ, ಫೋಟೋದಾಗೆ ಚೆಂದ ಕಾಣಾಕಿಲ್ಲ" ಎಂದು ನಗುನಗುತ್ತಲೇ ಹೇಳಿದ. ನಿರ್ಮಲಮ್ಮ ತಲೆ ತಗ್ಗಿಸಿದಳು.

ಆಮೇಲೆ ಬುಶ್ರಾ ರೈಲಿನ ಇತಿಹಾಸ ಓದಬೇಕಿತ್ತು. ಮಾಲೀಕ ಬರೆಸಿಕೊಟ್ಟಿದ್ದನ್ನು ಓದುತ್ತ ಹೋದಳು. 'ಇಷ್ಟು ವರ್ಷಗಳಲ್ಲಿ ಒಬ್ಬರಿಗೂ ಒಂದು ಗೀರು ಸಹ ಆಗಲಿಲ್ಲ' ಎಂಬಲ್ಲಿಗೆ ಬಂದಾಗ ಬಾಯಿಗೆ ಹುಳಿ ನೀರು ಬಂತು. ಓದು ನಿಲ್ಲಿಸಿದಳು.

"ಇದು ಸುಳ್ಳು. ನಿರ್ಮಲಮ್ಮನ ಕೈ ಹೋಗಿದ್ದು ಈ ರೈಲಿನಿಂದ" ಎಂದಳು.

ಯಾರೋ ಮೈಕಿನ ವಯರು ಕಿತ್ತು ಜೋರಾಗಿ ಹಾಡು ಹಾಕಿದರು. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎದ್ದು ಊಟದ ಸಾಲಿಗೆ ನಿಂತರು. ಬುಶ್ರಾ ಚೀಲ ತೆಗೆದುಕೊಂಡು ಹೊರಗೆ ಬಂದಳು. ಬಸ್ಸಿಗೆ ಕಾಯುತ್ತಿದ್ದಾಗ ನಿರ್ಮಲಮ್ಮನೂ ಬಂದು ಪಕ್ಕದಲ್ಲಿ ನಿಂತಳು.

"ಆತ ಶಾಲು ಎಳೆಯೋವಾಗ ನಂಗೆ ವಾಕರಿಕೆ ಬಂತು ಕಣವ್ವ. ಬಾಯಿ ಬಿಡಾಕೆ ಆಗ್ಲಿಲ್ಲ" ಎಂದಳು.

ಬುಶ್ರಾ ಆಕೆಯ ಎಡಗೈ ಹಿಡಿದು ಬಸ್ಸು ಹತ್ತಿಸಿದಳು.

ಮಾರನೆಯ ವಾರ ಗುರುಬಸವರಾಜ್ ಫೋನು ಮಾಡಿದ. ಬೈಯುತ್ತಾನೆ ಎಂದುಕೊಂಡೇ ಬುಶ್ರಾ ಎತ್ತಿದಳು. ಅವನ ದನಿ ಬೆಲ್ಲದ ಪಾಕದಂತಿತ್ತು.

"ಆಗಿದ್ದು ಆಯ್ತು ಬಿಡಮ್ಮ. ನಿನ್ನ ದನಿ ಭಾಳ ಚೆನ್ನಾಗೈತೆ. ಹೋಟೆಲಿನಾಗೆ ದಿನಾ ಹಾಕಾಕೆ ರೆಕಾರ್ಡ್ ಬೇಕು. ನಿರ್ಮಲಮ್ಮನ ಕೈ ಮಾತೊಂದು ಬಿಟ್ಟು, ನಾ ಬರೆಸಿಕೊಟ್ಟಿದ್ದನ್ನ ಇನ್ನೊಂದ್ಸಲ ಓದಿಬಿಡು."

ಬೈದಿದ್ದರೂ ಅವಳಿಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ. ಫೋನು ಕಟ್ ಮಾಡಿ, ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿದಳು.